ನಮ್ಮ ಕರಾವಳಿಯ ಋತುಗಳಲ್ಲಿ ಪುನರುತ್ಥಾನದ ನಿರೀಕ್ಷೆಯನ್ನು ಕಾಣುವುದು ಹೇಗೆ?

ನಿಮ್ಮ ತಂದೆಯವರು ತೀರಿಕೊಂಡು ಒಂದು ವರ್ಷವಾಯಿತೆಂದು ಬರೆದಿದ್ದೀರಿ. ಪ್ರಕೃತಿ ಹೊಸದಾಗುವಂತೆ ಮನಸ್ಸೂ ಹೊಸದಾಗುತ್ತದೆ ಎಂಬ ಪ್ರವಚನದ ಮಾತು ಹಿಮ ಕರಗಿ ಹೂವರಳುವ ದೇಶಗಳಿಗೆ ಸರಿ, ಬಾವಿ ಬತ್ತುವ ಏಪ್ರಿಲಿನಲ್ಲಿ ಈಸ್ಟರ್ ಆಚರಿಸುವ ನಮಗೆ ಅದು ಹೇಗೆ ಹೊಂದುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಾನು ದಕ್ಷಿಣ ಕನ್ನಡದ ಒಂದು ಕಥೋಲಿಕ ಕೃಷಿಕ ಕುಟುಂಬದವನು. ನನ್ನ ತಂದೆ ತೀರಿಕೊಂಡದ್ದು ಜುಲೈ ತಿಂಗಳಲ್ಲಿ, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟು ಮುಗಿದ ವಾರ. ಈ ಪ್ರಶ್ನೆಯನ್ನು ನಾನೂ ಹಲವು ವರ್ಷ ಹೊತ್ತು ತಿರುಗಿದ್ದೇನೆ.

ನಿಮ್ಮ ಸಂದೇಹದಲ್ಲಿ ಹುರುಳಿದೆ. ಬೈಬಲಿನ ಯೋಬನ ಗ್ರಂಥದ 14ನೆಯ ಅಧ್ಯಾಯದಲ್ಲಿ ಯೋಬನು ಗೋಳಾಡುವುದು ಇದನ್ನೇ ಹೇಳಿಕೊಂಡು: ಕಡಿದುಹಾಕಿದ ಮರ ನೀರಿನ ವಾಸನೆ ತಾಗಿದರೆ ಮತ್ತೆ ಚಿಗುರುತ್ತದೆ, ಮಲಗಿದ ಮನುಷ್ಯನಾದರೋ ಏಳುವುದಿಲ್ಲ. ಅಪ್ಪ ನೆಟ್ಟ ಹಲಸಿನ ಮರ ಅವರಿಲ್ಲದ ಮೊದಲ ಬೇಸಿಗೆಯಲ್ಲಿ ಎಂದಿನಂತೆ ಬುಡದಿಂದಲೇ ಕಾಯಿ ಬಿಟ್ಟಾಗ ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಋತು ಮರಳಿ ಬರುವುದೇ ನಮ್ಮ ನಿರೀಕ್ಷೆಯ ಬುನಾದಿಯಾಗಿದ್ದರೆ ಅದು ಮರಗಳಿಗೆ ಸಾಕಾಗುತ್ತಿತ್ತು, ನಿಮಗೂ ನನಗೂ ಸಾಕಾಗುತ್ತಿರಲಿಲ್ಲ. ನಮ್ಮ ನಿರೀಕ್ಷೆ ನಿಂತಿರುವುದು ಒಮ್ಮೆ, ಯೇಸು ಒಬ್ಬನಲ್ಲಿ ನಡೆದ ಪುನರುತ್ಥಾನದ ಮೇಲೆ. ಆ ನಂಬಿಕೆಯನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ನೆನಪಿಸುವ ಕೆಲಸವನ್ನು ಮಾತ್ರ ಋತುಗಳು ಮಾಡುತ್ತವೆ. ಆದರೆ ಅದನ್ನು ಚೆನ್ನಾಗಿಯೇ ಮಾಡುತ್ತವೆ.

ಇನ್ನು ಹಿಮದ ವಿಚಾರ. ಯೇಸು ನಡೆದಾಡಿದ ನಾಡಿನ ವಸಂತವೂ ನಾವು ಚಿತ್ರಗಳಲ್ಲಿ ನೋಡುವ ಯುರೋಪಿನ ವಸಂತವಲ್ಲ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಯೇಸು ಸತ್ತು ಎದ್ದ ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ ಅದು ಮುಗಿಯುತ್ತ ಬಂದು, ಜವೆಗೋಧಿ ಕೊಯ್ಲಿಗೆ ಸಿದ್ಧವಾಗಿ, ಮುಂದೆ ಅಕ್ಟೋಬರಿನವರೆಗೂ ಹೆಚ್ಚುಕಡಿಮೆ ಮಳೆಯೇ ಇಲ್ಲದ ಬೇಸಿಗೆ ಶುರುವಾಗುತ್ತದೆ. ಮೊದಲ ಈಸ್ಟರ್ ಬಂದದ್ದು ಒಣಗಾಲದ ಹೊಸ್ತಿಲಲ್ಲಿ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈ ಹಬ್ಬ ಎಂಬ ಲೆಕ್ಕದಂತೆ ಅದು ನಮ್ಮಲ್ಲಿಯೂ ಏಪ್ರಿಲ್ 25ರೊಳಗೆ, ಉರಿಬಿಸಿಲಿನಲ್ಲೇ ಬರುತ್ತದೆ. ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯಲ್ಲಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ದೊಡ್ಡ ಮೇಣದಬತ್ತಿಯನ್ನು ಗುಡಿಯೊಳಗೆ ತಂದು, ಆಮೇಲೆ ನೀರನ್ನು ಆಶೀರ್ವದಿಸುತ್ತಾರಲ್ಲ, ಆ ನೀರನ್ನು ಗಮನಿಸಿ. ನಮ್ಮ ಊರಿನಲ್ಲಿ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಿ ಕಟ್ಟಿದರೂ ಕೊಡ ಅರ್ಧವೇ ತುಂಬುವ ದಿನಗಳವು. ಅಂಥ ದಿನಗಳಲ್ಲಿ ಫಾದರ್ ಚಿಮುಕಿಸಿದ ನೀರು ಬೆವತ ಹಣೆಗೆ ತಣ್ಣಗೆ ತಾಗುತ್ತದೆ. ಉಳಿದ ನೀರನ್ನು ಹೆಂಗಸರು ಬಾಟಲಿಗಳಲ್ಲಿ ತುಂಬಿಸಿ ಒಂದು ಹನಿಯೂ ಚೆಲ್ಲದಂತೆ ಮನೆಗೆ ಒಯ್ಯುತ್ತಾರೆ. ಕ್ರೈಸ್ತರಾಗುವಾಗ ಪಡೆಯುವ ದೀಕ್ಷಾಸ್ನಾನದ ನೀರು ಜೀವ ಕೊಡುತ್ತದೆ ಎಂದರೇನೆಂದು ನೀರು ಸಮೃದ್ಧವಾಗಿರುವ ಕಡೆಗಿಂತ ನಮಗೇ ಬೇಗ ಅರ್ಥವಾಗುತ್ತದೆಂದು ನಾನು ನಂಬಿದ್ದೇನೆ.

ನನಗೆ ಅತ್ಯಂತ ಹತ್ತಿರವಾದದ್ದು ಮಾತ್ರ ಮಳೆಗಾಲ. ಮೇ ಕೊನೆಯಲ್ಲಿ ಏಣೆಲು, ಅಂದರೆ ಮಳೆಗಾಲದ ಬೆಳೆಗಾಗಿ ಭತ್ತದ ಬೀಜವನ್ನು ಒಂದು ದಿನ ನೆನೆಸಿ, ನೀರು ಬಸಿದು, ಗೋಣಿಯಲ್ಲಿ ಕಟ್ಟಿ, ಬೈಹುಲ್ಲು ಮುಚ್ಚಿ, ಮೇಲೊಂದು ಕಲ್ಲು ಹೇರಿ ಇಡುತ್ತೇವೆ. ಎರಡು ದಿನ ಕಳೆದು ಬಾಯಿ ಬಿಚ್ಚಿದರೆ ಒಳಗಿನಿಂದ ಬೆಚ್ಚಗಿನ ಹುಳಿ ವಾಸನೆ ಬರುತ್ತದೆ. ಒಂದೊಂದು ಕಾಳಿನ ಸಿಪ್ಪೆಯೂ ಸೀಳಿ, ಉಗುರಿನಷ್ಟು ಬಿಳಿಯ ಮೊಳಕೆ ಹೊರಗೆ ಇಣುಕುತ್ತಿರುತ್ತದೆ. ಒಮ್ಮೆ ಹೀಗಾದ ಕಾಳನ್ನು ಮತ್ತೆ ಒಣಗಿಸಿ ಕಣಜಕ್ಕೆ ಹಾಕುವಂತಿಲ್ಲ, ಕುಟ್ಟಿ ಅನ್ನ ಮಾಡುವಂತಿಲ್ಲ. ಗೋಧಿಯ ಕಾಳು ಮಣ್ಣಿಗೆ ಬಿದ್ದು ಸಾಯದಿದ್ದರೆ ಒಂಟಿಯಾಗಿಯೇ ಉಳಿಯುತ್ತದೆ ಎಂದು ಪ್ರಭು ಹೇಳಿದ ಮಾತು ಯೊವಾನ್ನನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿದೆ. ಅಪ್ಪನ ಪೆಟ್ಟಿಗೆಯನ್ನು ಕೆಸರಾಗಿದ್ದ ಗುಂಡಿಗೆ ಇಳಿಸುವಾಗ ನನಗೆ ಆ ವಾಕ್ಯ ನೆನಪಾಗಲಿಲ್ಲ, ಗೋಣಿಯ ಆ ವಾಸನೆ ನೆನಪಾಯಿತು. ಅಳು ನಿಂತಿತೆಂದು ಹೇಳಲಾರೆ. ಅಪ್ಪನನ್ನು ಬಿಸಾಡಿ ಬರುತ್ತಿಲ್ಲ, ಬಿತ್ತಿ ಬರುತ್ತಿದ್ದೇವೆ ಎಂದು ಮಾತ್ರ ಅನಿಸಿತು.

ಆ ವರ್ಷದ ಸೆಪ್ಟೆಂಬರ್ 8ಕ್ಕೆ, ಮಾತೆ ಮರಿಯಮ್ಮನವರ ಜನ್ಮದಿನವಾದ ಮೊಂತಿ ಫೆಸ್ತ್ ಹೊತ್ತಿಗೆ, ಅಪ್ಪ ನೆಡಿಸಿದ ಗದ್ದೆಯಲ್ಲಿ ತೆನೆ ಬಂದಿತ್ತು. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸಿದ ಮೇಲೆ ಬರುವ ಈ ತೆನೆ ಹಬ್ಬದಲ್ಲಿ, ಆಶೀರ್ವಾದವಾದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಎಲ್ಲರೂ ಹಂಚಿಕೊಂಡು, ಆಮೇಲೆ ತರಕಾರಿಯ ಊಟ ಮಾಡುವುದು ನಿಮಗೆ ಗೊತ್ತೇ ಇದೆ. ಊರಿಂದ ದೂರವಿರುವವರಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ಪದ್ಧತಿಯೂ ಇದೆ.

ನಿಮಗೆ ನಾನು ಸೂಚಿಸುವುದು ಇಷ್ಟೇ: ಈ ವರ್ಷದ ಹಬ್ಬಗಳನ್ನು ತಂದೆಯವರಿಲ್ಲವೆಂದು ಬಿಟ್ಟುಬಿಡಬೇಡಿ, ದುಃಖವನ್ನು ಜೊತೆಗಿಟ್ಟುಕೊಂಡೇ ಗುಡಿಗೆ ಹೋಗಿ. ನಮ್ಮ ಅಮ್ಮ ಆ ತೆನೆ ಹಬ್ಬದಂದು ದುಬೈಯಲ್ಲಿರುವ ನನ್ನ ತಮ್ಮನಿಗಾಗಿ ಒಂದು ಲಕೋಟೆ ಸಿದ್ಧಮಾಡಿದರು. ಎರಡನೆಯದಕ್ಕೆ ವಿಳಾಸ ಬರೆಯದೆ ದೇವರ ಪೀಠದ ಮೇಲಿಟ್ಟಿದ್ದರು. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಮಳೆಗೆ ಆಳೆತ್ತರ ಬೆಳೆದಿದ್ದ ಹುಲ್ಲನ್ನು ಕಿತ್ತು ಗೋರಿಯನ್ನು ಶುಚಿ ಮಾಡಿದ ಮೇಲೆ, ಅಮ್ಮ ಸೆರಗಿನ ಗಂಟಿನಿಂದ ಆ ಲಕೋಟೆ ತೆಗೆದು ಕಾಳುಗಳನ್ನು ಅಪ್ಪನ ತಲೆದೆಸೆಯ ಮಣ್ಣಿನಲ್ಲಿ ಬೆರಳಿನಿಂದ ಒತ್ತಿದರು.