ಒಣಗಿದ ಮುರುಗಲು ಗಿಡ

ಸಾವಿನ ಸುದ್ದಿಯನ್ನು ಮಕ್ಕಳಿಂದ ಮುಚ್ಚಿಡುವುದನ್ನು ಆಪ್ತಸಮಾಲೋಚನೆಯ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುತ್ತೇನೆ. ಈ ಪ್ರಕರಣ ನನ್ನನ್ನು ಬಹಳ ಕಾಡಿತು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಕುಮಟಾ ಕಡೆಯ ಒಂದು ಬೇಸಿಗೆ ಶಿಬಿರ. ಹಿಂದಿನ ವರ್ಷ ಬಂದಿದ್ದ ಹುಡುಗನೊಬ್ಬ ಆಮೇಲೆ ತನ್ನೂರಿನ ಹೊಳೆಯಲ್ಲಿ ಮುಳುಗಿ ತೀರಿಕೊಂಡಿದ್ದ. ಅವನ ನೆನಪಿಗೆ ಪುಟ್ಟ ತೋಟ ಮಾಡಿ, ಅವನಿಗೆ ಇಷ್ಟದ ಮುರುಗಲು (ಕೋಕಂ) ಗಿಡ ನೆಟ್ಟಿದ್ದರು. ನೀರು ಹಾಕುವ ಕೆಲಸ ಅವನ ಗೆಳತಿಗೆ, 13 ವರ್ಷದ ಹುಡುಗಿಗೆ. ಐದನೇ ದಿನ ಅವಳು ಊಟ ಬಿಟ್ಟಳು. ನನಗೆ ಫೋನ್ ಬಂತು.

ಹಲಸಿನ ಮರದ ಬುಡದಲ್ಲಿ ಕೂತೆವು. ತುಂಬಾ ಹೊತ್ತು ಕಾಲ್ಬೆರಳಿಂದ ದರಕು, ಅಂದರೆ ಉದುರಿದ ಒಣ ಎಲೆ, ಸರಿಸುತ್ತಾ ಸುಮ್ನೆ ಇದ್ದಳು. ಆಮೇಲೆ ಕೇಳಿದಳು:

"ಅಕ್ಕೋರೆ, ಗಿಡ ಸತ್ರೆ ಅವ ಇನ್ನೊಂದ್ಸಲ ಸತ್ತ ಹಾಗೇ ಅಲ್ವಾ?"

"ಗಿಡ ಚೆನ್ನಾಗೇ ಇದೆಯಲ್ಲ?"

"ಅದು ಬೇರೆ ಗಿಡ. ನಂದರ ತುದೀಲಿ ಎರಡು ಕೆಂಪು ಚಿಗುರಿತ್ತು. ಒಂದನ್ನ ಹುಳ ತಿಂದಿತ್ತು. ಇದರಲ್ಲಿ ಇಲ್ಲ. ನಾನೇ ಸಾಯಿಸಿದೆ ಅಂತ ಯಾರೂ ಹೇಳ್ತಿಲ್ಲ."

ಶಿಬಿರದವರನ್ನು ಕೇಳಿದೆ. ನಿಜ, ಅವಳು ನೊಂದುಕೊಂಡಾಳು ಎಂದು ರಾತ್ರೋರಾತ್ರಿ ಬದಲಿಸಿದ್ದರು. ಅಕ್ಕರೆಯಿಂದಲೇ. ಆದರೂ ನನಗೆ ಸಿಟ್ಟು ಬಂತು.

ವಾಪಸ್ ಬಂದು ಹೇಳಿದೆ: "ಹೌದು ಪುಟ್ಟಾ, ನಿನ್ನ ಗಿಡ ಸತ್ತಿದೆ. ಅವನೂ ಸತ್ತಿದ್ದಾನೆ. ಎರಡೂ ನಿನ್ನಿಂದ ಆದದ್ದಲ್ಲ. ಮೇ ಬಿಸಿಲಲ್ಲಿ, ಈ ಚಿರೇಕಲ್ಲಿನ ನೆಲದಲ್ಲಿ ಎಳೇ ಗಿಡ ನೆಟ್ಟಿದ್ದು ದೊಡ್ಡವರ ತಪ್ಪು." ಅವಳು ಜೋರಾಗಿ ಅತ್ತಳು.

ಮಗುವಿನ ಎದುರು ಇಷ್ಟು ನೇರ ಮಾತು ಬೇಡವಿತ್ತು ಎಂದು ಒಬ್ಬರು ಬೇಸರ ಮಾಡಿಕೊಂಡರು. ನಾನು ಈಗಲೂ ಅದನ್ನೇ ಹೇಳುತ್ತೇನೆ. ನಾವು ಮುಚ್ಚಿಟ್ಟರೆ ಮಕ್ಕಳು ಕಾರಣವನ್ನು ತಮ್ಮಲ್ಲೇ ಹುಡುಕುತ್ತಾರೆ. 'ದೇವರ ಹತ್ತಿರ ಹೋದ' ಎಂದರೆ ವಾಪಸ್ ಬರಬಹುದು ಎಂದು ಕಾಯುವ ಚಿಕ್ಕ ಮಕ್ಕಳನ್ನೂ ನೋಡಿದ್ದೇನೆ.

ಶಿಬಿರದವರಿಗೆ ಹೇಳಿದ್ದು ಇಷ್ಟು. ಅವಳ ಹತ್ತಿರ ತಪ್ಪಾಯಿತು ಎನ್ನಿ. ತೋಟದ ಹೊಣೆ ಒಂದೇ ಮಗುವಿನ ತಲೆಗೆ ಕಟ್ಟಬೇಡಿ. ಅಲ್ಲಿಗೆ ಹೋಗಲು ಮನಸ್ಸಿಲ್ಲದ ಮಕ್ಕಳನ್ನು ಎಳೆದೊಯ್ಯಬೇಡಿ. ಮುಂದೆ ಗಿಡ ನೆಡುವುದಾದರೆ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಮನೆಯವರಿಗೂ ಒಂದು ಮಾತು ಹೇಳಿದೆ: ಊಟ, ನಿದ್ದೆ ಸರಿಹೋಗದೆ ವಾರಗಟ್ಟಲೆ ಎಳೆದರೆ, ಅಥವಾ ಸಾಯುವ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಂಜೆ ಶಿಬಿರದ ಹಿರಿಯರು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ತಪ್ಪಾಯಿತು ಎಂದರು. ಅವಳು ಕೇಳಿದ್ದು ಒಂದೇ: "ನನ್ನ ಗಿಡ ಎಲ್ಲಿ?"

ಗೊಬ್ಬರಗುಂಡಿಯಿಂದ ತಂದುಕೊಟ್ಟರು. ಎರಡು ಚಿಗುರೂ ಕಪ್ಪಾಗಿ ಸುರುಟಿದ್ದವು. ಅದನ್ನು ಹೊಸ ಗಿಡದ ಬುಡಕ್ಕೆ ಮಲಗಿಸಿ, ಮೇಲೆ ಎರಡು ಬೊಗಸೆ ದರಕು ಹಾಕಿದಳು. ಕೈ ತೊಳೆದುಕೊಂಡು ಗಂಜಿಗೆ ಬಂದಳು.