ದೇವರಿಗೆ ವಿಧೇಯರಾಗುವುದನ್ನು ಕ್ರೈಸ್ತರು ಸ್ವಾತಂತ್ರ್ಯವೆಂದು ಕರೆಯುವುದೇಕೆ?

ಅಪ್ಪಣೆಗೆ ತಲೆಬಾಗಿದವನು ಸ್ವತಂತ್ರನಾಗುವುದು ಹೇಗೆ ಎಂಬ ಪ್ರಶ್ನೆಯ ಹಿಂದೆ, ಯಾರ ಮಾತನ್ನೂ ಕೇಳದಿರುವುದೇ ಸ್ವಾತಂತ್ರ್ಯ ಎಂಬ ಎಣಿಕೆಯಿದೆ. ಸತ್ಯವೇದ (ಬೈಬಲ್) ಆ ಎಣಿಕೆಯನ್ನೇ ಒಪ್ಪುವುದಿಲ್ಲ. ಪಾಪ ಮಾಡುವವನು ಪಾಪಕ್ಕೆ ದಾಸನೆಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿದೆ. ಸುಳ್ಳು ಹೇಳಿದವನನ್ನೇ ನೋಡಿ: ಯಾರಿಗೆ ಏನು ಹೇಳಿದ್ದೆನೆಂದು ನೆನಪಿಟ್ಟುಕೊಳ್ಳುತ್ತಾ, ಒಂದನ್ನು ಮುಚ್ಚಲು ಇನ್ನೊಂದನ್ನು ಹೆಣೆಯುತ್ತಾ, ಫೋನ್ ಸದ್ದಾದರೂ ಬೆಚ್ಚಿಬೀಳುವ ಅವನು ತನ್ನಿಷ್ಟದಂತೆ ನಡೆದೂ ಸೆರೆಯಾಳೇ.

ಇಲ್ಲಿ ಕ್ರಮವೂ ಮುಖ್ಯ. ಸತ್ಯವೇದದ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳಿಗೆ ಮುನ್ನ, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಬಿಡಿಸಿದವನು ನಾನೇ ಎಂದು ದೇವರು ಇಸ್ರಾಯೇಲ್ ಜನರಿಗೆ ನೆನಪಿಸುತ್ತಾನೆ. ಎಂದರೆ ಬಿಡುಗಡೆ ವಿಧೇಯತೆಗೆ ಸಿಕ್ಕ ಕೂಲಿಯಲ್ಲ, ವಿಧೇಯತೆಯೇ ಬಿಡುಗಡೆ ಹೊಂದಿದವರ ಬದುಕಿನ ರೀತಿ. ಹುಲ್ಲನ್ನೂ ಕೊಡದೆ ಮೊದಲಿನಷ್ಟೇ ಇಟ್ಟಿಗೆ ಕೇಳುತ್ತಿದ್ದ ಐಗುಪ್ತದ ಅರಸ ಫರೋಹನ ಕೈಯಿಂದ ಪಾರಾಗಿ ಬಂದ ಆ ಜನರಿಗೆ ಸಿಕ್ಕ ಆಜ್ಞೆಗಳಲ್ಲಿ ಒಂದು, ವಾರಕ್ಕೊಂದು ದಿನ ಆಳುಗಳೂ ದನಗಳೂ ಸೇರಿ ಎಲ್ಲರೂ ವಿಶ್ರಮಿಸಬೇಕೆಂಬುದು! ಇಂಥ ಅಪ್ಪಣೆಯನ್ನು ಸಂಕೋಲೆಯೆನ್ನುವುದು ಕಷ್ಟ.

ಶಿಕ್ಷೆಯ ಭಯದಿಂದ ನಡೆಯುವುದನ್ನು ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಈ ವಿಧೇಯತೆಗೆ ಸೇರಿಸುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಅವನು ಹೇಳುವುದು ತಂದೆಯನ್ನು ಕರೆಯುವ ಮಕ್ಕಳ ಸಲಿಗೆಯನ್ನು. ದೇವರ ಹೆಸರಿನಲ್ಲಿ ತಮ್ಮ ಮಾತನ್ನೇ ನಡೆಸಿಕೊಳ್ಳುವ ಮುಖಂಡರಿಗೆ ಮಣಿಯುವುದಂತೂ, ನನ್ನ ದೃಷ್ಟಿಯಲ್ಲಿ, ಬೇರೆಯೇ ವಿಷಯ. 1520ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕ್ರೈಸ್ತ ಸ್ವಾತಂತ್ರ್ಯದ ಎರಡೂ ಮುಖಗಳನ್ನು ಒಟ್ಟಿಗೆ ಇಟ್ಟನು: ಕ್ರೈಸ್ತನು ಯಾರಿಗೂ ಅಧೀನನಲ್ಲದ ಒಡೆಯ, ಹಾಗೆಯೇ ಎಲ್ಲರಿಗೂ ಸೇವಕ.