ಪ್ರತಿ: ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ತಮ್ಮನಿಗೆ ಕೈನಡುಕ, ಲಿಥಿಯಂ ಮುಂದುವರಿಸಬಹುದೇ?

ಬೈಪೋಲಾರ್‌ಗಾಗಿ (ಉತ್ಸಾಹ, ಖಿನ್ನತೆ ವಿಪರೀತವಾಗಿ ಏರಿಳಿಯುವ ಮನೋರೋಗ) ಹಳೆಯ ಪ್ರಮಾಣದಲ್ಲೇ ಕೊಡುತ್ತಿರುವ ಲಿಥಿಯಂ ಔಷಧಿ ರಕ್ತದಲ್ಲಿ ಹೆಚ್ಚಾಗಿರುವುದೇ ನಿಮ್ಮ ತಮ್ಮನ ಕೈನಡುಕಕ್ಕೂ ವಾಕರಿಕೆಗೂ ಬಹುಮಟ್ಟಿಗೆ ಕಾರಣವಿರಬೇಕು. ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಊಟ, ನೀರು, ಉಪ್ಪು ಮೂರೂ ಒಮ್ಮೆಲೇ ಕಡಿಮೆಯಾದಾಗ ಮೂತ್ರಪಿಂಡವು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ದೇಹದಲ್ಲೇ ಉಳಿಸಿಕೊಳ್ಳುತ್ತದೆ. ನನ್ನ ಅಕ್ಕನಿಗೂ ಹೀಗೆಯೇ ಆಗಿತ್ತು. ಲೋಟ ತುಟಿಗೆ ಒಯ್ಯುವಷ್ಟರಲ್ಲಿ ಚಹಾ ತುಳುಕುತ್ತಿತ್ತು. ಆದರೆ ವಾಕರಿಕೆ ಶಸ್ತ್ರಚಿಕಿತ್ಸೆಯಿಂದಲೂ ಬರುವುದರಿಂದ ರಕ್ತಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು.

ಮುಂದಿನ ಮಾತ್ರೆ ಕೊಡುವ ಮೊದಲೇ, ಇವತ್ತೇ, ಮನೋವೈದ್ಯರಿಗೆ ಫೋನ್ ಮಾಡಿ. ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಮಂಪರು ಕವಿದರೆ ಅಥವಾ ವಾಂತಿಭೇದಿ ನಿಲ್ಲದಿದ್ದರೆ, ಮಾತ್ರೆಯನ್ನೂ ಕೊಡದೆ, ಫೋನಿಗೂ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಅಂಥದ್ದೇನೂ ಇಲ್ಲದಿದ್ದರೆ, ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಟ್ಟು ಲಿಥಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ), ಸೋಡಿಯಂ ಮೂರನ್ನೂ ಪರೀಕ್ಷೆ ಮಾಡಿಸಿ. ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ಆದರೂ ಲಕ್ಷಣಗಳಿರುವಾಗ ಅಂಕಿಯೊಂದನ್ನೇ ನಂಬಿ ಕೂರಬೇಡಿ.

ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಲೇಬೇಡಿ. ಅವು ಲಿಥಿಯಂ ಮಟ್ಟವನ್ನು ಇನ್ನಷ್ಟು ಏರಿಸುತ್ತವೆ, ಹೊಲಿಗೆ ಹಾಕಿದ ಹೊಟ್ಟೆಗೂ ಕೇಡು. ನಿಧಾನವಾಗಿ ಕರಗುವ ಮಾತ್ರೆಯಾಗಿದ್ದರೆ ಪುಡಿಮಾಡಬಾರದು. ನೀರನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಸಿ.

ಪ್ರಮಾಣ ಬದಲಾದ ಮೇಲೂ ತೂಕ ಒಂದು ಹಂತಕ್ಕೆ ಬಂದು ನಿಲ್ಲುವವರೆಗೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮನೋವೈದ್ಯರಿಂದಲೇ ಬರೆಸಿಕೊಂಡು, ಆ ಚೀಟಿಯನ್ನು ಶಸ್ತ್ರಚಿಕಿತ್ಸಕರಿಗೂ ತೋರಿಸಿ.